ಪ್ರಿಂಟರ್ ಪೋರ್ಟು, ಮೂರು ಸಿಡಿ, ಅಜ್ಜಿಯ ದನಿ

ಒಂದು ವಾಯ್ಸ್ ನೋಟ್ ರೆಕಾರ್ಡ್ ಮಾಡಿ ಕಳಿಸೋಕೆ ನಿಮಗೆ ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು ಸಾಕು ಅಲ್ವಾ? 1999ರಲ್ಲಿ ನನಗೆ ಒಂದಿಡೀ ರಾತ್ರಿ ಬೇಕಾಯ್ತು.

ನಮ್ಮಜ್ಜಿ ಸೋಬಾನೆ ಪದ ಹಾಡ್ತಿದ್ರು. ಅವರು ಹೋದ ಮೇಲೆ ಮನೆಯಲ್ಲಿ ಉಳಿದದ್ದು 45 ನಿಮಿಷದ ಒಂದು ಕ್ಯಾಸೆಟ್ಟು. ಡಿಟಿಪಿ ಅಂಗಡಿ ಇಟ್ಟಿದ್ದ ಗೆಳೆಯನ ಕಂಪ್ಯೂಟರಿಗೆ ಅದನ್ನ ತುಂಬಿಸಿದೆವು. ತುಂಬಿಸಿ ಮುಗಿಯೋದಕ್ಕೂ ಟೇಪು ಸಿಕ್ಕಿಕೊಂಡು ಹರಿದು ಹೋಗೋದಕ್ಕೂ ಸರಿಹೋಯ್ತು. ಈಗ ಅಜ್ಜಿಯ ದನಿ ಇದ್ದದ್ದು ಒಂದೇ ಕಡೆ, ಆ ಹಾರ್ಡ್ ಡಿಸ್ಕಿನಲ್ಲಿ. ಸುಮಾರು 476 ಎಂಬಿ. ಬೆಳಗ್ಗೆ ಅಂಗಡಿ ಕೆಲಸಕ್ಕೆ ಆ ಜಾಗ ಖಾಲಿ ಮಾಡಲೇಬೇಕಿತ್ತು. ಫ್ಲಾಪಿಗೆ ಹಾಕೋಣ ಅಂದ್ರೆ ಮುನ್ನೂರಕ್ಕೂ ಹೆಚ್ಚು ಫ್ಲಾಪಿ ಬೇಕು!

ಪರಿಚಯದವರೊಬ್ಬರ ಹತ್ತಿರ ಸಿಡಿ ರೈಟರ್ ಕೇಳಿ ತಂದೆ. ಆ ಕಂಪ್ಯೂಟರಿನಲ್ಲಿ ಯುಎಸ್‌ಬಿ ಇರಲಿಲ್ಲ. ಆ ರೈಟರ್ ಹಿಂದುಗಡೆಯ ಪ್ಯಾರಲಲ್ ಪೋರ್ಟಿಗೆ, ಅಂದ್ರೆ ಪ್ರಿಂಟರ್ ಚುಚ್ಚುವ 25 ಪಿನ್ನಿನ ಜಾಗಕ್ಕೆ ಹಾಕುವಂಥದ್ದು. ಕಂಪ್ಯೂಟರ್ ಆಫ್ ಮಾಡಿ, ಪ್ರಿಂಟರ್ ಕಳಚಿ, ಕೇಬಲ್ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿದೆವು. ಮೊದಲು ರೈಟರ್ ಆನ್, ಆಮೇಲೆ ಕಂಪ್ಯೂಟರ್.

ಕೈಯಲ್ಲಿ ಇದ್ದದ್ದು ಮೂರೇ ಖಾಲಿ ಸಿಡಿ. ಮೊದಲನೆಯದು ನಾಲ್ಕು ನಿಮಿಷಕ್ಕೆ ಹಾಳು. ಎರಡನೆಯದೂ ಹಾಳು. ತೆರೆಯ ಮೇಲೆ ಅದೇ ಸಂದೇಶ: ಬಫರ್ ಅಂಡರ್‌ರನ್.

ಏನಿದು? ಆಗಿನ ಸಿಡಿ ರೈಟರ್ ಬರೆಯೋಕೆ ಶುರು ಮಾಡಿದ್ರೆ ನಡುವೆ ನಿಲ್ಲೋ ಹಾಗಿಲ್ಲ. ಡೇಟಾ ಬರದಿದ್ರೆ ಸಿಡಿ ಕಸದ ಬುಟ್ಟಿಗೆ. ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ ಎರಡು ಬೈಟ್, ಎಡಕ್ಕೊಂದು ಬಲಕ್ಕೊಂದು ಚಾನೆಲ್. ಒಟ್ಟು 1,76,400 ಬೈಟ್. ಅತಿ ನಿಧಾನದ 1ಎಕ್ಸ್ ವೇಗದಲ್ಲೂ ಇಷ್ಟು ಬೇಕೇ ಬೇಕು. ಹಳೇ ಪ್ರಿಂಟರ್ ರೀತಿಯಲ್ಲಿ ಆ ಪೋರ್ಟು ಕಳಿಸ್ತಿದ್ದದ್ದು ಸೆಕೆಂಡಿಗೆ ಸುಮಾರು 150 ಕಿಲೋಬೈಟ್ ಮಾತ್ರ. ತೊಟ್ಟಿಗೆ ಬೀಳೋ ನೀರಿಗಿಂತ ಸೋರೋದೇ ಹೆಚ್ಚು!

ಮೂರನೇ ಸಿಡಿ ಕೈಯಲ್ಲಿ ಹಿಡ್ಕೊಂಡು ಕೂತಾಗ ಗೆಳೆಯನಿಗೆ ಹೊಳೀತು: ಬಯಾಸ್ ನೋಡೋಣ. ಅಲ್ಲಿ ಪ್ಯಾರಲಲ್ ಪೋರ್ಟಿನ ಎದುರಿಗೆ ಎಸ್‌ಪಿಪಿ ಅಂತಿತ್ತು. ಅದನ್ನ ಇಪಿಪಿ ಮಾಡಿದೆವು. ಪ್ರತಿ ಬೈಟಿಗೂ ನಡೆಯೋ ‘ಕಳಿಸ್ಲಾ?’, ‘ಹೂಂ, ಬಂತು’ ಅನ್ನೋ ಮಾತುಕತೆಯನ್ನ ಇಪಿಪಿಯಲ್ಲಿ ಸಾಫ್ಟ್‌ವೇರ್ ಬದಲು ಪೋರ್ಟಿನ ಹಾರ್ಡ್‌ವೇರೇ ನೋಡಿಕೊಳ್ಳುತ್ತೆ. ಹಾಗಾಗಿ ವೇಗ ಹಲವು ಪಟ್ಟು ಹೆಚ್ಚು.

ಸ್ಕ್ರೀನ್‌ಸೇವರ್ ಆಫ್ ಮಾಡಿ, 1ಎಕ್ಸ್ ವೇಗ ಇಟ್ಟು, ರೈಟ್ ಒತ್ತಿದೆವು. 45 ನಿಮಿಷ ಇಬ್ಬರೂ ಮೌಸ್ ಮುಟ್ಟಲಿಲ್ಲ. ಕರೆಂಟ್ ಹೋದ್ರೆ ಮುಗೀತು ಕತೆ. ಹೋಗಲಿಲ್ಲ. ಬೆಳಗಿನ ಜಾವ ಸಿಡಿಯನ್ನ ಪ್ಲೇಯರಿಗೆ ಹಾಕಿದಾಗ ಮೊದಲು ಕೇಳಿಸಿದ್ದು ಅಜ್ಜಿಯ ಕೆಮ್ಮು. ಆಮೇಲೆ ಪದ.

ಆ ರಾತ್ರಿ ನಾನು ಕಲಿತದ್ದು ಬಯಾಸ್ ಸೆಟ್ಟಿಂಗ್ ಒಂದನ್ನೇ ಅಲ್ಲ. ಒಂದೇ ಕಡೆ ಇರೋ ದನಿ ಉಳಿದಿದೆ ಅಂತ ಲೆಕ್ಕವೇ ಅಲ್ಲ. ನಿಮ್ಮ ಫೋನಿನಲ್ಲಿ ಅಜ್ಜಂದೋ ಅಮ್ಮಂದೋ ವಾಯ್ಸ್ ನೋಟ್ ಇದ್ಯಾ? ಈ ಎಪಿಸೋಡ್ ಮುಗಿದ ಕೂಡಲೇ ಇನ್ನೊಂದು ಕಡೆ ಕಾಪಿ ಮಾಡಿಡಿ. ನಿಮಗೆ ಬಯಾಸೂ ಬೇಡ, ಸ್ಕ್ರೂನೂ ಬೇಡ. ಮತ್ತೆ ಸಿಗೋಣ.