ಚೀಟಿ ಬರೆದು ಬಣ್ಣ ತನ್ನಿ



ಅಲ್ಯೂಮಿನಿಯಂ ಕಿಟಕಿಗೆ ಬಳಿದ ಬಣ್ಣ ಬೇಗ ಯಾಕೆ ಏಳುತ್ತೆ? ಈ ಲೋಹ ಬಲು ನುಣುಪು. ಮೇಲೆ ಜಿಡ್ಡಿದ್ದರೆ ಬಣ್ಣ ಹಿಡಿಯೋದೇ ಇಲ್ಲ. ದುಡ್ಡು ದಂಡ.

ಮೊದಲು ಚೌಕಟ್ಟನ್ನು ಸೋಪಿನ ನೀರಲ್ಲಿ ತೊಳೆಯಿರಿ. ಚೆನ್ನಾಗಿ ಒಣಗಲಿ. ಹೊಳಪು ಹೋಗುವಂತೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಪುಡಿ ಒರೆಸಿ.

ಆಮೇಲೆ ಪ್ರೈಮರ್ ಹಚ್ಚಬೇಕು. ಬಣ್ಣ ನಿಲ್ಲೋದು ಇದರ ಮೇಲೆ. ಕಬ್ಬಿಣಕ್ಕೆ ಹಚ್ಚುವ ಕೆಂಪು ಪ್ರೈಮರ್ ಇದಕ್ಕೆ ಆಗದು. ಮನೆಯಲ್ಲೇ ಚೀಟಿ ಬರೆಯಿರಿ: ‘ಅಲ್ಯೂಮಿನಿಯಂಗೆ ಹಚ್ಚುವ ಪ್ರೈಮರ್.’ ಅಂಗಡಿಯಲ್ಲಿ ಕೊಡಿ. ಬಿಲ್ಲಿನಲ್ಲೂ ಹಾಗೇ ಬರೆಸಿ.

ಪ್ರೈಮರ್ ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ 2 ಸಲ ಬಳಿಯಿರಿ. ಮೊದಲನೆಯದು ಪೂರ್ತಿ ಒಣಗಲಿ, ಆಮೇಲೆ ಎರಡನೆಯದು.

ಕೆಲಸಕ್ಕೆ ಜನ ಕರೆದರೂ ಹತ್ತಿರ ನಿಂತು ನೋಡಿ. “ಪ್ರೈಮರ್ ಹಚ್ಚಿದ್ರಾ?” ಅಂತ ಕೇಳಿ. ದುಡ್ಡು ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ.