ಅರವತ್ತರಲ್ಲೇ ನಿಂತ ಟ್ಯಾಂಕು: ಡೇಟಾಶೀಟ್‌ನಲ್ಲಿ ನಾನು ಓದದೆ ಬಿಟ್ಟ ಒಂದು ಸಾಲು

ಇವತ್ತಿನ ಎಪಿಸೋಡನ್ನ ಸ್ವಲ್ಪ ನಾಚಿಕೆಯಿಂದಲೇ ಶುರು ಮಾಡ್ತಿದ್ದೀನಿ. ನಾನು ಓದಿದ್ದು ಬಿಕಾಂ. ಎಲೆಕ್ಟ್ರಾನಿಕ್ಸ್ ಕಲಿತಿದ್ದು ಯೂಟ್ಯೂಬ್ ನೋಡಿ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಲೆದಾಡಿ. ಆ ಧೈರ್ಯದಲ್ಲಿ ಊರಲ್ಲಿ ಅಪ್ಪನ ಬೋರ್‌ವೆಲ್ ಮೋಟರ್ ಸುಡೋಕೆ ನಾನೇ ಕಾರಣ ಆದೆ. ಒಂದು ಸಣ್ಣ ಐಸಿಯಿಂದ ಹೀಗಾಯ್ತು ಅಂತ ಮೊದಮೊದಲು ಹೇಳ್ಕೊಂಡು ತಿರುಗ್ತಿದ್ದೆ. ಆದ್ರೆ ಐಸಿ ತಪ್ಪೇನೂ ಮಾಡಿರಲಿಲ್ಲ. ಅದನ್ನ ಆರಿಸಿದ್ದು ನಾನು.

ಊರಲ್ಲಿ ತೋಟ ಇರೋರಿಗೆ ಗೊತ್ತು, ತ್ರೀ ಫೇಸ್ ಕರೆಂಟ್ ಬರೋದು ಎಷ್ಟೋ ಸಲ ರಾತ್ರಿನೇ. ಅಪ್ಪ ಎರಡು ಗಂಟೆಗೆ ಎದ್ದು, ಟಾರ್ಚ್ ಹಿಡ್ಕೊಂಡು ಹೋಗಿ ಟ್ಯಾಂಕ್ ತುಂಬಿದೆಯಾ ಅಂತ ನೋಡಿ ಬರ್ತಿದ್ರು. ಆ ಓಡಾಟ ತಪ್ಪಲಿ ಅಂತ ಟ್ಯಾಂಕಿನ ತಳಕ್ಕೆ ಒಂದು ಪ್ರೆಶರ್ ಸೆನ್ಸರ್ ಹಾಕ್ದೆ. ಅದು 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತೆ. ಓದೋ ಬೋರ್ಡ್ ಇಎಸ್‌ಪಿ32. ಅದು 3.3 ವೋಲ್ಟ್‌ದು. ಹಾಗಾಗಿ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದೆ. ಟ್ಯಾಂಕ್ ಖಾಲಿ ಇದ್ರೆ 0.3 ವೋಲ್ಟ್, ತುಂಬಿದ್ರೆ 2.8 ವೋಲ್ಟ್. ನಡುವೆ ಒಂದು ಆಪ್-ಆಂಪ್. ಸೆನ್ಸರ್ ಕಡೆಯ ವೋಲ್ಟೇಜನ್ನ ಕೆಡಿಸದೆ, ಇದ್ದ ಹಾಗೆ ಬೋರ್ಡಿಗೆ ದಾಟಿಸೋದು ಅದರ ಕೆಲಸ.

ಅಂಗಡಿಯಲ್ಲಿ ಆಪ್-ಆಂಪ್ ಅಂದ ತಕ್ಷಣ ಕೈಗೆ ಬಂದಿದ್ದು ಎಲ್‌ಎಂ358. ಹಳೇ ಐಸಿ, ಅಗ್ಗ, ಎಲ್ಲೆಡೆ ಸಿಗುತ್ತೆ. ಡೇಟಾಶೀಟ್ ಮೊದಲ ಪುಟದಲ್ಲೇ 3 ವೋಲ್ಟ್‌ನಿಂದ ಶುರು ಅಂತ ಇದೆ. ನನ್ನದು 3.3, ಸಾಕಲ್ಲ ಅಂದ್ಕೊಂಡೆ. ಒಂದು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಟೆಸ್ಟ್ ಮಾಡ್ದೆ, ಸರಿಯಾಗಿ ಬಂತು. ಅಪ್ಪನ ಮೊಬೈಲಿಗೆ ಹಾಕಿಕೊಟ್ಟು, "ತೊಂಬತ್ತು ಅಂತ ಬಂದಾಗ ಮೋಟರ್ ಆಫ್ ಮಾಡಿ, ಅಷ್ಟೇ" ಅಂದೆ.

ಆ ರಾತ್ರಿ ಮೊಬೈಲ್ ಅರವತ್ತು ತೋರಿಸ್ತು. ಒಂದು ಗಂಟೆ ಬಿಟ್ಟು ನೋಡಿದ್ರೂ ಅರವತ್ತು. ಇನ್ನೂ ತುಂಬಿಲ್ಲ ಅಂತ ಅಪ್ಪ ಕಾದ್ರು, ಹಾಗೇ ನಿದ್ದೆ ಹೋದ್ರು. ಟ್ಯಾಂಕ್ ತುಂಬಿ ಹರಿದು, ಬೋರ್‌ನಲ್ಲಿ ನೀರು ಕೆಳಗಿಳಿದು, ಮೋಟರ್ ಒಣಗಿಯೇ ಓಡಿದೆ. ಸಬ್‌ಮರ್ಸಿಬಲ್ ಮೋಟರನ್ನ ತಣ್ಣಗೆ ಇಡೋದೇ ಸುತ್ತಲಿನ ನೀರು. ಬೆಳಿಗ್ಗೆ ವೈಂಡಿಂಗ್ ಹೋಗಿತ್ತು. ಮೋಟರ್ ಎತ್ತಿಸಿ, ರಿಪೇರಿ ಮಾಡಿಸಿ, ಮತ್ತೆ ಇಳಿಸೋವರೆಗೆ ಏಪ್ರಿಲ್ ಬಿಸಿಲಲ್ಲಿ ಅಡಿಕೆ ಸಸಿಗಳು ಬಾಡಿ ನಿಂತಿದ್ದವು. ಅಪ್ಪ ಬೈಲಿಲ್ಲ. "ಮೊಬೈಲ್‌ನಲ್ಲಿ ಅರವತ್ತು ಅಂತಾನೇ ಇತ್ತಲ್ಲ ಮಗಾ" ಅಂದ್ರು ಅಷ್ಟೆ. ಬೈದಿದ್ರೇ ವಾಸಿ ಇತ್ತು.

ಆಮೇಲೆ ಡೇಟಾಶೀಟಿನ ಒಳಗಿನ ಪುಟ ತೆಗೆದೆ. ಎಲ್‌ಎಂ358ರ ಔಟ್‌ಪುಟ್, ಅದಕ್ಕೆ ಕೊಟ್ಟ ಸಪ್ಲೈಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತೆ. 3.3ರಲ್ಲಿ 1.5 ಕಳೆದ್ರೆ 1.8. ನನ್ನ ಲೆಕ್ಕದಲ್ಲಿ 1.8 ವೋಲ್ಟ್ ಅಂದ್ರೆ ಕರೆಕ್ಟಾಗಿ ಅರವತ್ತು ಪರ್ಸೆಂಟ್. ಕಂಪನಿಯೋರು ಏನೂ ಮುಚ್ಚಿಟ್ಟಿರಲಿಲ್ಲ. ಕಾಮರ್ಸ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದೇ ಇದು: ಬ್ಯಾಲೆನ್ಸ್ ಶೀಟ್ ಮಾತ್ರ ನೋಡಬೇಡಿ, ಹಿಂದಿರೋ ನೋಟ್ಸ್ ಓದಿ. ನಾನು ಮೊದಲ ಪುಟ ಓದಿ ಷೇರು ತಗೊಂಡವನ ಥರ ಐಸಿ ತಗೊಂಡಿದ್ದೆ.

ಈಗ ಆ ಜಾಗದಲ್ಲಿ ಎಂಸಿಪಿ6002 ಇದೆ. ಅದೇ ಎಂಟು ಕಾಲು, ಅದೇ ಜೋಡಣೆ. ಹಳೇದನ್ನ ಕಿತ್ತು ಇದನ್ನ ಕೂರಿಸಿದ್ರೆ ಆಯ್ತು. ಇದು ರೈಲ್-ಟು-ರೈಲ್, ಅಂದ್ರೆ ಔಟ್‌ಪುಟ್ ಹೆಚ್ಚುಕಮ್ಮಿ ಸೊನ್ನೆಯಿಂದ ಸಪ್ಲೈವರೆಗೂ ಹೋಗುತ್ತೆ. ಹಾಗಂತ ಇದು ಒಳ್ಳೇದು, ಅದು ಕೆಟ್ಟದ್ದು ಅಂತಲ್ಲ. ಇದರ ಮಿತಿ 6 ವೋಲ್ಟ್. 12 ವೋಲ್ಟ್ ಕೊಟ್ರೆ ಸತ್ತೇ ಹೋಗುತ್ತೆ. ಅಲ್ಲಿ ಎಲ್‌ಎಂ358 ಆರಾಮಾಗಿ ಕೆಲಸ ಮಾಡುತ್ತೆ.

ಎರಡನೇ ಪಾಠ ತಂತಿಯದು. ಮೋಟರ್ ತಾನಾಗೇ ಆಫ್ ಆಗ್ಬೇಕು ಅಂದ್ರೆ ಸುದ್ದಿ 200 ಮೀಟರ್ ದೂರದ ಮೋಟರ್ ಶೆಡ್ಡಿಗೆ ಹೋಗಬೇಕು. ನನಗೆ ಗೊತ್ತಿದ್ದಿದ್ದು ಐ2ಸಿ. ಅದು ಒಂದೇ ಬೋರ್ಡಿನ ಮೇಲಿರೋ ಐಸಿಗಳು ಪಿಸುಗುಟ್ಟೋ ಭಾಷೆ, ತೋಟದ ಆಚೆಗೆ ಕೇಳಿಸಲ್ಲ. ದೂರಕ್ಕೆ ಆರ್‌ಎಸ್-485 ಬೇಕು. ಹೆಣೆದ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನ ಮಾತ್ರ ಅದು ಓದುತ್ತೆ. ಮೋಟರಿನ ಗದ್ದಲ ಎರಡೂ ತಂತಿಗೆ ಒಂದೇ ಥರ ತಾಗೋದ್ರಿಂದ ಕಳೆದು ಹೋಗುತ್ತೆ. ಕಮ್ಮಿ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತೆ. ಇಲ್ಲೂ ಅದೇ ಗುಂಡಿ ಕಾದಿತ್ತು. ಅಂಗಡಿಯಲ್ಲಿ ಸುಲಭವಾಗಿ ಸಿಗೋ ಮ್ಯಾಕ್ಸ್485 5 ವೋಲ್ಟ್‌ದು. ಅದರ ಔಟ್‌ಪುಟ್ ನೇರವಾಗಿ ಇಎಸ್‌ಪಿ32ಗೆ ಕೊಡಬಾರದು. 3.3ಕ್ಕೆ ಅಂತಲೇ ಮ್ಯಾಕ್ಸ್3485 ಇದೆ. ಈ ಸಲ ಓದಿದ ಮೇಲೆ ಅಂಗಡಿಗೆ ಹೋದೆ.

ಇನ್ನೊಂದು ವಿಷಯ ಆಮೇಲೆ ಅರ್ಥ ಆಯ್ತು. ಟ್ಯಾಂಕ್ ಖಾಲಿ ಇದ್ರೂ ನನ್ನ ಸೆನ್ಸರ್ 0.5 ವೋಲ್ಟ್ ಕೊಡುತ್ತೆ, ಸೊನ್ನೆ ಅಲ್ಲ. ಬೇಕು ಅಂತಲೇ ಹಾಗೆ ಮಾಡಿರ್ತಾರೆ. ಸೊನ್ನೆ ಬಂತು ಅಂದ್ರೆ ಇಲಿ ತಂತಿ ಕಡಿದಿದೆ ಅಂತ ಅರ್ಥ. ಫ್ಯಾಕ್ಟರಿಗಳಲ್ಲಿ 4ರಿಂದ 20 ಮಿಲಿಆಂಪ್ ಸಿಗ್ನಲ್ ಬಳಸೋದ್ರ ಹಿಂದೆಯೂ ಇದೇ ಉಪಾಯ ಇದೆ. ಈಗ ನನ್ನ ಪ್ರೋಗ್ರಾಮ್ ಸೊನ್ನೆ ಕಂಡ್ರೆ "ಖಾಲಿ" ಅನ್ನಲ್ಲ, "ಗೊತ್ತಿಲ್ಲ" ಅನ್ನುತ್ತೆ, ಮೋಟರ್ ಆಫ್ ಮಾಡುತ್ತೆ.

ಹಾಗಾಗಿ ನೀವು ಏನಾದ್ರೂ ಮಾಡೋಕೆ ಹೊರಟಿದ್ರೆ, ಐಸಿ ತಗೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ನಾನು ಕೊಡೋ ಸಪ್ಲೈನಲ್ಲಿ ಇದರ ಔಟ್‌ಪುಟ್ ಎಲ್ಲಿಂದ ಎಲ್ಲಿವರೆಗೆ ಹೋಗುತ್ತೆ? ಆ ಕಡೆ ಇರೋ ಬೋರ್ಡ್ ಎಷ್ಟು ವೋಲ್ಟ್ ತಡ್ಕೊಳ್ಳುತ್ತೆ? ಸಿಗ್ನಲ್ ಎಷ್ಟು ದೂರ ಹೋಗಬೇಕು? ಉತ್ತರ ಹುಡುಕುವಾಗ ಟಿಪಿಕಲ್ ಅನ್ನೋ ಕಾಲಂ ನಂಬಬೇಡಿ. ಮಿನಿಮಮ್, ಮ್ಯಾಕ್ಸಿಮಮ್ ನೋಡಿ. ಟೆಸ್ಟ್ ಮಾಡುವಾಗ ಬಕೆಟ್‌ನಲ್ಲಿ ನಿಲ್ಲಿಸಬೇಡಿ, ಟ್ಯಾಂಕ್ ತುಂಬಿಸಿ ನೋಡಿ.

ಹೊಸ ಬಾಕ್ಸ್ ಈಗ ಸರಿಯಾಗಿ ಕೆಲಸ ಮಾಡ್ತಿದೆ. ಆದ್ರೂ ಅಪ್ಪ ಮಲಗೋ ಮುಂಚೆ ಒಂದ್ಸಲ ಹೋಗಿ ಟ್ಯಾಂಕನ್ನ ಬೆರಳಲ್ಲಿ ತಟ್ಟಿ, ಶಬ್ದ ಕೇಳಿ ಬರ್ತಾರೆ. ಬೇಡ ಅಂತ ಹೇಳೋ ಹಕ್ಕು ನನಗಿನ್ನೂ ಬಂದಿಲ್ಲ.