ಮದರ್‌ಬೋರ್ಡಿಗೆ ವಿದ್ಯುತ್ತು ಬರುವ ದಾರಿ

ಕಂಪ್ಯೂಟರ್ ಎಂದೊಡನೆ ನಾವು ಅದರ ವೇಗದ ಬಗ್ಗೆ, ನೆನಪಿನ ಶಕ್ತಿಯ ಬಗ್ಗೆ ಮಾತನಾಡುತ್ತೇವೆ. ಅದು ಕೆಲಸ ಮಾಡಲು ಬೇಕಾದ ವಿದ್ಯುತ್ತು ಒಳಗೆ ಯಾವ ದಾರಿಯಲ್ಲಿ ಹರಿದು ಬರುತ್ತದೆ ಎಂದು ಕೇಳುವವರು ಕಡಿಮೆ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದರೆ ಒಂದು ದೊಡ್ಡ ಹಲಗೆ ಕಾಣುತ್ತದೆ. ಅದೇ ಮದರ್‌ಬೋರ್ಡ್. ಅದರ ಅಂಚಿನಲ್ಲಿ 24 ಪಿನ್ನುಗಳ ಉದ್ದನೆಯ ಕನೆಕ್ಟರ್ ಇರುತ್ತದೆ. ಮೇಲಿನ ಮೂಲೆಯಲ್ಲಿ, ಪ್ರೊಸೆಸರಿನ ಹತ್ತಿರ, 4 ಅಥವಾ 8 ಪಿನ್ನುಗಳ ಇನ್ನೊಂದು ಕನೆಕ್ಟರ್ ಇರುತ್ತದೆ. ಬೆಲೆಬಾಳುವ ಬೋರ್ಡುಗಳಲ್ಲಿ ಇಂಥ 8 ಪಿನ್ನಿನ ಕನೆಕ್ಟರುಗಳು ಎರಡು. ಒಂದು ಬೋರ್ಡಿಗೆ ಇಷ್ಟೊಂದು ಬಾಗಿಲುಗಳು ಏಕೆ? ಇದಕ್ಕೆ ಉತ್ತರ ನೀವು ಪ್ರೌಢಶಾಲೆಯಲ್ಲಿ ಕಲಿಯುವ ಎರಡು ಸೂತ್ರಗಳಲ್ಲಿದೆ.

ವಿದ್ಯುತ್ ಸಾಮರ್ಥ್ಯವೆಂದರೆ ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ. ಇದು ಮೊದಲನೆಯ ಸೂತ್ರ. ತಂತಿಯಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಇದು ಎರಡನೆಯದು. ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಐಬಿಎಂ ಕಂಪನಿಯ ಪಿಸಿ 1981ರಲ್ಲಿ ಹೊರಬಂತು. ಅದರ ಪವರ್ ಸಪ್ಲೈ ಕೊಡುತ್ತಿದ್ದುದು 63.5 ವಾಟ್ ಮಾತ್ರ. ಈಗಿನ ಶಕ್ತಿಶಾಲಿ ಪ್ರೊಸೆಸರ್ ಒಂದೇ ಅದರ ಮೂರು ನಾಲ್ಕು ಪಟ್ಟು ವಿದ್ಯುತ್ತನ್ನು ಬಳಸಬಲ್ಲುದು. ಆ ಪಿಸಿಯ ಬೋರ್ಡಿಗೆ ಪಿ8, ಪಿ9 ಎಂಬ ಆರಾರು ಪಿನ್ನುಗಳ ಎರಡು ಕನೆಕ್ಟರುಗಳಿದ್ದವು. ಎರಡೂ ಅಕ್ಕಪಕ್ಕದಲ್ಲಿ ಕೂರುತ್ತಿದ್ದವು, ನೋಡಲು ಒಂದೇ ತರಹ ಇದ್ದವು. ಅದಲು ಬದಲಾಗಿ ಚುಚ್ಚಿದರೆ ಬೋರ್ಡು ಸುಟ್ಟುಹೋಗುವ ಅಪಾಯವಿತ್ತು. ಅದಕ್ಕಾಗಿ ರಿಪೇರಿ ಮಾಡುವವರು ಒಂದು ನಿಯಮವನ್ನು ನೆನಪಿಟ್ಟುಕೊಂಡಿದ್ದರು: ಕಪ್ಪು ತಂತಿಗಳೆಲ್ಲ ನಡುವೆ ಒಟ್ಟಿಗೆ ಬರಬೇಕು.

ಈ ತೊಂದರೆಯನ್ನು ನಿವಾರಿಸಿದ್ದು 1995ರಲ್ಲಿ ಇಂಟೆಲ್ ಕಂಪನಿ ರೂಪಿಸಿದ ಎಟಿಎಕ್ಸ್ ಮಾದರಿ. ಎರಡರ ಬದಲು 20 ಪಿನ್ನುಗಳ ಒಂದೇ ಕನೆಕ್ಟರ್ ಬಂತು. ಅದರ ಕೆಲವು ರಂಧ್ರಗಳು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದ ಆಕಾರ. ಹೀಗಾಗಿ ಅದು ಸರಿಯಾದ ದಿಕ್ಕಿನಲ್ಲಿ ಮಾತ್ರ ಕೂರುತ್ತದೆ. ಇನ್ನೊಂದು ಮುಖ್ಯ ಬದಲಾವಣೆಯೂ ಆಯಿತು. ಕಂಪ್ಯೂಟರನ್ನು ಆರಿಸಿದ ಮೇಲೂ ಪವರ್ ಸಪ್ಲೈ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಮುಂಭಾಗದ ಗುಂಡಿ ಒತ್ತಿದಾಗ ಬೋರ್ಡು ಎಚ್ಚರಗೊಳ್ಳುವುದು ಈ ಧಾರೆಯ ಬಲದಿಂದ. ಆದ್ದರಿಂದ ತೆರೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಬೋರ್ಡಿನಲ್ಲಿ ವಿದ್ಯುತ್ತಿಲ್ಲ ಎಂದು ತಿಳಿಯಬಾರದು. ಒಳಗೆ ಕೈ ಹಾಕುವ ಮುನ್ನ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತಿಡಬೇಕು.

ಆ ಕಾಲದ ಬೋರ್ಡುಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ತು ಹೆಚ್ಚಾಗಿ 5 ವೋಲ್ಟಿನ ತಂತಿಗಳಿಂದ ಬರುತ್ತಿತ್ತು. ಪ್ರೊಸೆಸರಿನ ಹಸಿವು ಹೆಚ್ಚಿದಂತೆ ಆ ತಂತಿಗಳ ಮೇಲಿನ ಹೊರೆಯೂ ಹೆಚ್ಚಿತು. 2000ದಲ್ಲಿ ಪೆಂಟಿಯಂ 4 ಬಂದಾಗ, ಅದರ ಜೊತೆಗೆ 12 ವೋಲ್ಟಿನ 4 ಪಿನ್ ಕನೆಕ್ಟರ್ ಪ್ರೊಸೆಸರಿನ ಪಕ್ಕದಲ್ಲಿ ಕಾಣಿಸಿಕೊಂಡಿತು. 5 ವೋಲ್ಟಿನ ಬದಲು 12 ವೋಲ್ಟ್ ಏಕೆ? ಒಂದು ಲೆಕ್ಕ ಮಾಡೋಣ.

ಇಂಟೆಲ್ಲಿನ ಕೋರ್ ಐ9-14900ಕೆ ಪ್ರೊಸೆಸರ್ 2023ರಲ್ಲಿ ಬಂದದ್ದು. ಅದಕ್ಕೆ ಕಂಪನಿಯೇ ಹೇಳಿರುವ ಗರಿಷ್ಠ ಮಿತಿ 253 ವಾಟ್. ಇಷ್ಟನ್ನು 5 ವೋಲ್ಟಿನಲ್ಲಿ ಒಯ್ಯಲು ಸುಮಾರು 50 ಆಂಪಿಯರ್ ಪ್ರವಾಹ ಬೇಕು. 12 ವೋಲ್ಟಿನಲ್ಲಾದರೆ ಸುಮಾರು 21 ಆಂಪಿಯರ್ ಸಾಕು. ಪ್ರವಾಹ ಅರ್ಧಕ್ಕಿಂತ ಕಡಿಮೆಯಾಯಿತು. ಅದೇ ತಂತಿಯಲ್ಲಿ ಹುಟ್ಟುವ ಉಷ್ಣ ಆರನೆಯ ಒಂದು ಭಾಗದಷ್ಟಕ್ಕೆ ಇಳಿಯಿತು. ದೂರದ ಊರುಗಳಿಗೆ ಹೈಟೆನ್ಷನ್ ತಂತಿಗಳಲ್ಲಿ ವಿದ್ಯುತ್ತನ್ನು ಸಾಗಿಸುವುದೂ ಇದೇ ಕಾರಣಕ್ಕೆ.

ಆದರೆ ಪ್ರೊಸೆಸರ್ 12 ವೋಲ್ಟನ್ನು ತಡೆದುಕೊಳ್ಳಲಾರದು. ಅದಕ್ಕೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು. ಮನೆಯ ಹತ್ತಿರದ ಟ್ರಾನ್ಸ್‌ಫಾರ್ಮರ್ ಮಾಡುವ ಕೆಲಸವನ್ನು ಇಲ್ಲಿ ಪ್ರೊಸೆಸರಿನ ಸುತ್ತಲಿರುವ ವೋಲ್ಟೇಜ್ ನಿಯಂತ್ರಕ ಮಾಡುತ್ತದೆ, ವಿಧಾನ ಮಾತ್ರ ಬೇರೆ. ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ 12 ವೋಲ್ಟನ್ನು ಹಾಕಿ ತೆಗೆಯುತ್ತವೆ. ಸುರುಳಿಗಳೂ ಕೆಪಾಸಿಟರುಗಳೂ ಆ ಏರಿಳಿತವನ್ನು ಸಮಗೊಳಿಸುತ್ತವೆ. 253 ವಾಟನ್ನು 1.2 ವೋಲ್ಟಿನಲ್ಲಿ ಕೊಡಬೇಕಾದರೆ ಪ್ರವಾಹ 200 ಆಂಪಿಯರನ್ನು ಮೀರುತ್ತದೆ! ಇಷ್ಟು ಪ್ರವಾಹ ಉದ್ದನೆಯ ದಾರಿಯಲ್ಲಿ ಹರಿಯಬಾರದು. ನಿಯಂತ್ರಕವು ಪ್ರೊಸೆಸರಿಗೆ ಅಂಟಿಕೊಂಡಂತೆ ಇರುವುದು ಅದಕ್ಕಾಗಿಯೇ. ಪಲ್ಲಕ್ಕಿಯನ್ನು ಹಲವರು ಹೆಗಲು ಕೊಟ್ಟು ಹೊರುವಂತೆ ಈ ಹೊರೆಯನ್ನು ಹಲವು ವಿಭಾಗಗಳು ಹಂಚಿಕೊಳ್ಳುತ್ತವೆ. ಇವನ್ನು ಫೇಸ್ ಎನ್ನುತ್ತಾರೆ. ಉತ್ತಮ ದರ್ಜೆಯ ಬೋರ್ಡುಗಳಲ್ಲಿ ಇವು ಹದಿನಾರು, ಇಪ್ಪತ್ತು ಇರುವುದುಂಟು.

ಈಗ ಎರಡು ಕನೆಕ್ಟರುಗಳ ಗುಟ್ಟು ತಿಳಿಯುತ್ತದೆ. 8 ಪಿನ್ನುಗಳಲ್ಲಿ ನಾಲ್ಕು 12 ವೋಲ್ಟಿನವು, ನಾಲ್ಕು ಗ್ರೌಂಡ್. 21 ಆಂಪಿಯರ್ ನಾಲ್ಕು ತಂತಿಗಳಲ್ಲಿ ಹಂಚಿದರೆ ಒಂದಕ್ಕೆ ಸುಮಾರು 5. ಎಂಟರಲ್ಲಿ ಹಂಚಿದರೆ ಎರಡೂವರೆ. ಪ್ರತಿ ಪಿನ್ನಿನ ಉಷ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಸಾಮಾನ್ಯ ಕೆಲಸಕ್ಕೆ ಹಲವು ಬೋರ್ಡುಗಳು ಒಂದೇ ಕನೆಕ್ಟರಿನಲ್ಲಿ ನಡೆಯುತ್ತವೆ. ಪ್ರೊಸೆಸರನ್ನು ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ದುಡಿಸುವವರಿಗೆ ಎರಡನೆಯದು ಬೇಕಾಗುತ್ತದೆ.

24 ಪಿನ್ನುಗಳ ಉದ್ದನೆಯ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ನುಗಳು ಎರಡೇ ಎರಡು. ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುವ ಒಂದು ಗ್ರಾಫಿಕ್ಸ್ ಕಾರ್ಡು ಆ ಸ್ಲಾಟಿನಿಂದ 12 ವೋಲ್ಟಿನಲ್ಲಿ 5.5 ಆಂಪಿಯರ್‌ವರೆಗೆ ಎಳೆಯಬಹುದು. ಮೂರು ಕಾರ್ಡುಗಳಿದ್ದರೆ 16.5 ಆಂಪಿಯರ್, ಒಂದೊಂದು ಪಿನ್ನಿಗೆ ಎಂಟಕ್ಕೂ ಹೆಚ್ಚು. ಹಲವು ಕಾರ್ಡುಗಳನ್ನು ಹೊರುವ ಕೆಲವು ಬೋರ್ಡುಗಳಲ್ಲಿ ಸ್ಲಾಟುಗಳ ಬಳಿ ಇನ್ನೊಂದು ಕನೆಕ್ಟರ್ ಕೊಟ್ಟಿರುವುದು ಈ ಕಾರಣದಿಂದ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರ್ ತೋರಿಸಿಕೊಟ್ಟಿದೆ. 2022ರಲ್ಲಿ 600 ವಾಟ್ ಒಯ್ಯಬಲ್ಲ 16 ಪಿನ್ನುಗಳ ಹೊಸ ಕನೆಕ್ಟರ್ ಬಂತು. 600 ವಾಟ್ ಎಂದರೆ 50 ಆಂಪಿಯರ್, ಅದನ್ನು ಹೊರುವ 12 ವೋಲ್ಟಿನ ಪಿನ್ನುಗಳು ಆರು, ತಲಾ 8.3 ಆಂಪಿಯರ್. ಆರರಲ್ಲಿ ಮೂರು ಸರಿಯಾಗಿ ತಾಗದೇ ಹೋದರೆ ಉಳಿದ ಮೂರರ ಪ್ರವಾಹ ಇಮ್ಮಡಿ, ಉಷ್ಣ ನಾಲ್ಕು ಪಟ್ಟು. ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡು ಬಳಸಿದ ಕೆಲವರ ಕನೆಕ್ಟರುಗಳು ಆ ವರ್ಷವೇ ಕರಗಿದವು. ಪೂರ್ತಿಯಾಗಿ ಒಳಗೆ ಕೂರಿಸದಿರುವುದೇ ಸಾಮಾನ್ಯ ಕಾರಣವೆಂದು ಕಂಪನಿ ತಿಳಿಸಿತು. 2023ರಲ್ಲಿ ಕನೆಕ್ಟರನ್ನು ತಿದ್ದಲಾಯಿತು: ವಿದ್ಯುತ್ತು ಒಯ್ಯುವ ಪಿನ್ನುಗಳನ್ನು ಉದ್ದವಾಗಿಸಿ, ಸೂಚನೆ ಕೊಡುವ ಸಣ್ಣ ಪಿನ್ನುಗಳನ್ನು ಗಿಡ್ಡವಾಗಿಸಿದರು. ಪೂರ್ತಿ ಕೂರದಿದ್ದರೆ ಸೂಚನೆಯ ಪಿನ್ನು ತಾಗುವುದಿಲ್ಲ, ಕಾರ್ಡು ಹೆಚ್ಚು ವಿದ್ಯುತ್ತನ್ನು ಎಳೆಯುವುದಿಲ್ಲ. ಆದರೂ 2025ರಲ್ಲಿ ಬಂದ ಮುಂದಿನ ಕಾರ್ಡಿನಲ್ಲಿ ಮತ್ತೆ ಅಂಥ ಪ್ರಕರಣಗಳು ವರದಿಯಾದವು. ವಿನ್ಯಾಸದಲ್ಲಿ ಬಿಡುವು ಕಡಿಮೆಯಾದಷ್ಟೂ ಚಿಕ್ಕ ದೋಷವೂ ದೊಡ್ಡದಾಗುತ್ತದೆ.

ಕಾಲೇಜಿನಲ್ಲೋ ಮನೆಯಲ್ಲೋ ಕಂಪ್ಯೂಟರ್ ಜೋಡಿಸುವ ಅವಕಾಶ ನಿಮಗೆ ಸಿಕ್ಕೀತು. ಆಗ ಮೂರು ಮಾತುಗಳು ನೆನಪಿರಲಿ. ಕನೆಕ್ಟರಿನ ಕೊಕ್ಕೆ ‘ಟಿಕ್’ ಎಂದು ಕೂರುವವರೆಗೆ ಒತ್ತಿ, ಅಂಚಿನಲ್ಲಿ ಸಂದು ಉಳಿದಿಲ್ಲವೆಂದು ಕಣ್ಣಾರೆ ನೋಡಿ. ಪ್ರೊಸೆಸರಿನ 8 ಪಿನ್ನಿಗೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿಗೂ ಹೋಲಿಕೆಯಿದ್ದರೂ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಅದಲು ಬದಲು, ಬಲವಂತವಾಗಿ ತುರುಕಬೇಡಿ. ಒಂದು ಪವರ್ ಸಪ್ಲೈನ ಬಿಡಿ ಕೇಬಲನ್ನು ಬೇರೆ ಕಂಪನಿಯ ಪವರ್ ಸಪ್ಲೈಗೆ ಹಾಕಬೇಡಿ; ಆ ತುದಿಯ ಪಿನ್ನುಗಳ ಜೋಡಣೆಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಅದು ಸಲೀಸಾಗಿ ಕೂತರೂ ಬೋರ್ಡು ಸುಡಬಹುದು.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಪಿನ್ನಿನ ಸಂಪರ್ಕದ ರೋಧ 0.005 ಓಮ್ ಎಂದುಕೊಳ್ಳಿ. 8 ಆಂಪಿಯರ್ ಹರಿದಾಗ ಅಲ್ಲಿ ಎಷ್ಟು ವಾಟ್ ಉಷ್ಣ ಹುಟ್ಟುತ್ತದೆ? 16 ಆಂಪಿಯರ್ ಹರಿದಾಗ ಎಷ್ಟು? ಎರಡು ಉತ್ತರಗಳನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿ. ಬೆಲೆಬಾಳುವ ಬೋರ್ಡಿನಲ್ಲಿ ಕನೆಕ್ಟರುಗಳು ಏಕೆ ಹೆಚ್ಚಿರುತ್ತವೆ ಎಂಬ ಪ್ರಶ್ನೆಗೆ ನಿಮ್ಮ ಪುಸ್ತಕದ ಹಾಳೆಯೇ ಉತ್ತರ ಹೇಳುತ್ತದೆ.